ಗೆದ್ದವನು ಏಳುವುದು ಯಾವಾಗ?

2003ರ ಮೇ ತಿಂಗಳು. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಪೋಕರ್ ವಿಶ್ವ ಸರಣಿಯ ಮುಖ್ಯ ಪಂದ್ಯ ಕೊನೆಯ ಘಟ್ಟ ಮುಟ್ಟಿತ್ತು. 839 ಜನ ಶುರುಮಾಡಿದ ಆಟದಲ್ಲಿ ಉಳಿದವರು ಇಬ್ಬರೇ. ಒಬ್ಬ ಸ್ಯಾಮಿ ಫರ್ಹಾ, ದೊಡ್ಡ ಪಣದ ಆಟಗಳಲ್ಲಿ ಪಳಗಿದ ವೃತ್ತಿಪರ. ಇನ್ನೊಬ್ಬ ಟೆನೆಸಿ ರಾಜ್ಯದ ಅಕೌಂಟೆಂಟ್ ಕ್ರಿಸ್ ಮನಿಮೇಕರ್. ಹತ್ತು ಸಾವಿರ ಡಾಲರ್ ಪ್ರವೇಶ ಶುಲ್ಕದ ಆ ಆಟಕ್ಕೆ ಅವನು ಬಂದದ್ದು ಅಂತರ್ಜಾಲದಲ್ಲಿ 86 ಡಾಲರ್‌ನಿಂದ ಶುರುಮಾಡಿ ಅರ್ಹತಾ ಪಂದ್ಯ ಗೆದ್ದು.

ಈ ಪೋಕರ್‌ನಲ್ಲಿ ಪ್ರತಿಯೊಬ್ಬನ ಕೈಗೂ ಎರಡು ಗುಟ್ಟಿನ ಎಲೆ ಸಿಗುತ್ತವೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತಹಂತವಾಗಿ ತೆರೆದುಕೊಳ್ಳುತ್ತವೆ. ನಡುನಡುವೆ ಪಣ ಏರುತ್ತದೆ. ಆ ದಿನ ಒಂದು ಸುತ್ತಿನಲ್ಲಿ ಮನಿಮೇಕರ್ ಕೈಯಲ್ಲಿದ್ದದ್ದು ಒಂದು ರಾಜ, ಒಂದು ಏಳು. ಕಾದ ಎಲೆ ಬರಲಿಲ್ಲ, ಜೋಡಿಯೂ ಕೂಡಲಿಲ್ಲ. ಫರ್ಹಾ ಬಳಿ ಒಂಬತ್ತರ ಜೋಡಿಯಿತ್ತು. ಕೊನೆಯ ಎಲೆ ಬಿದ್ದ ಮೇಲೆ ಮನಿಮೇಕರ್ ತನ್ನ ಮುಂದಿದ್ದ ಚಿಪ್ಸ್‌ನ್ನೆಲ್ಲ ನಡುವಿಗೆ ತಳ್ಳಿದ. ಶುದ್ಧ ಬ್ಲಫ್. ಫರ್ಹಾ ಬಹಳ ಹೊತ್ತು ಯೋಚಿಸಿ ಎಲೆ ಕೆಳಗಿಟ್ಟುಬಿಟ್ಟ. ಸ್ವಲ್ಪ ಹೊತ್ತಿಗೆ ಪಂದ್ಯವೇ ಮುಗಿದು, ಮನಿಮೇಕರ್ 25 ಲಕ್ಷ ಡಾಲರ್ ಗೆದ್ದಿದ್ದ.

ಆ ಬ್ಲಫ್ಫನ್ನು ಜನ ಇವತ್ತಿಗೂ ಧೈರ್ಯದ ಉದಾಹರಣೆಯಾಗಿ ಹೇಳುತ್ತಾರೆ. ಆದರೆ ಅದೇ ಪಂದ್ಯದಲ್ಲಿ ಅದಕ್ಕೂ ಮೊದಲು ನಡೆದ ಇನ್ನೊಂದು ಸುತ್ತನ್ನು ಅಷ್ಟಾಗಿ ನೆನೆಯುವುದಿಲ್ಲ. ಹತ್ತು ಜನ ಉಳಿದಿದ್ದಾಗ ಮನಿಮೇಕರ್ ಎದುರಿಗಿದ್ದವನು ಫಿಲ್ ಐವಿ. ಮನಿಮೇಕರ್ ಬಳಿ ಎಕ್ಕ ಮತ್ತು ರಾಣಿ, ಐವಿ ಬಳಿ ಒಂಬತ್ತರ ಜೋಡಿ. ಮೇಜಿನ ಮೇಲೆ ಎರಡು ರಾಣಿ, ಒಂದು ಆರು ಬಿದ್ದವು. ನಾಲ್ಕನೆಯ ಎಲೆ ಒಂಬತ್ತು. ಅಲ್ಲಿಗೆ ಐವಿಯದೇ ಮೇಲುಗೈ. ಕಾಣದ 44 ಎಲೆಗಳಲ್ಲಿ ಮನಿಮೇಕರನನ್ನು ಗೆಲ್ಲಿಸಬಲ್ಲವು ಏಳೇ ಏಳು: ಮೂರು ಎಕ್ಕ, ಮೂರು ಆರು, ಒಂದು ರಾಣಿ. ನೂರಕ್ಕೆ ಹದಿನಾರರಷ್ಟು ಅವಕಾಶ. ಕೊನೆಯ ಎಲೆ ಎಕ್ಕವೇ ಬಿತ್ತು. ಐವಿ ಎದ್ದು ಹೋದ. ಆ ಎಲೆ ಬೇರೆಯಾಗಿದ್ದರೆ ಮುಂದಿನ ಧೈರ್ಯದ ಕಥೆ ಹುಟ್ಟುತ್ತಿತ್ತೋ ಇಲ್ಲವೋ.

ಹಾಗಾದರೆ ಈ ಗೆಲುವು ಯಾರದು? ಮನಿಮೇಕರನದೋ, ಎಕ್ಕದ್ದೋ?

1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ಇಬ್ಬರು ದಾರ್ಶನಿಕರು ‘ನೈತಿಕ ಅದೃಷ್ಟ’ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ನಮ್ಮ ಹಿಡಿತದಲ್ಲಿ ಇಲ್ಲದ್ದಕ್ಕೆ ನಮ್ಮನ್ನು ಹೊಗಳಬಾರದು, ತೆಗಳಲೂಬಾರದು ಎಂದು ನಾವೆಲ್ಲ ಬಾಯಲ್ಲಿ ಒಪ್ಪುತ್ತೇವೆ. ಆದರೆ ಮನುಷ್ಯರನ್ನು ತೂಗುವಾಗ ಫಲವನ್ನೇ ನೋಡುತ್ತೇವೆ. ಫರ್ಹಾ ಆ ದಿನ ಒಂಬತ್ತರ ಜೋಡಿ ಹಿಡಿದು ಪಣ ಒಪ್ಪಿಕೊಂಡಿದ್ದರೆ, ಅದೇ ಬ್ಲಫ್ಫನ್ನು ಧೈರ್ಯ ಅನ್ನುವ ಬದಲು ಹುಡುಗಾಟ ಅನ್ನುತ್ತಿದ್ದೆವು. ಟಿವಿಯಲ್ಲಿ ನೋಡುವವರಿಗಂತೂ ಪುಟ್ಟ ಕ್ಯಾಮೆರಾಗಳು ಇಬ್ಬರ ಗುಟ್ಟಿನ ಎಲೆಗಳನ್ನೂ ತೋರಿಸುತ್ತಿದ್ದವು. ಎರಡೂ ಕೈ ಕಂಡವನಿಗೆ ಫರ್ಹಾ ಮಾಡಿದ್ದು ತಪ್ಪೆಂದು ಹೇಳುವುದು ಸುಲಭ. ಫರ್ಹಾಗೆ ಕಂಡದ್ದು ಒಂದೇ ಕೈ.

ಒಳ್ಳೆಯ ಪೋಕರ್ ಆಟಗಾರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಒಂದು ರಾತ್ರಿಯ ಗೆಲುವು ಏನನ್ನೂ ಸಾಬೀತು ಮಾಡುವುದಿಲ್ಲ, ನಿರ್ಧಾರ ಸರಿಯಿತ್ತೇ ಅಂತಷ್ಟೇ ಕೇಳಿಕೊಳ್ಳಬೇಕು ಎನ್ನುತ್ತಾರೆ. ಸಾವಿರಾರು ಸುತ್ತು ಆಡಿದರೆ ಅದೃಷ್ಟ ಎರಡೂ ಕಡೆ ಸಮನಾಗಿ, ಉಳಿಯುವುದು ಜಾಣ್ಮೆಯೊಂದೇ. ‘ನಮ್ಮದು ಜೂಜಲ್ಲ, ಕಸುಬು’ ಎಂಬ ಮಾತಿಗೆ ಇದೇ ಆಧಾರ. ಮಾತು ಸುಳ್ಳಲ್ಲ. ಲೆಕ್ಕ, ನೆನಪು, ತಾಳ್ಮೆ, ಎದುರಿಗಿರುವವನ ಮುಖ ಓದುವ ಶಕ್ತಿ ಎಲ್ಲ ಅದಕ್ಕೆ ಬೇಕು.

ನನಗೆ ತೊಡಕು ಶುರುವಾಗುವುದು ಇಲ್ಲೇ. ಬಡಗಿ ಕುರ್ಚಿ ಮಾಡಿ ಮಾರಿದರೆ ಅವನಿಗೆ ದುಡ್ಡು ಬಂತು, ಕೊಂಡವನಿಗೆ ಕುರ್ಚಿ ಸಿಕ್ಕಿತು. ಪೋಕರ್ ಮೇಜಿನ ಮೇಲೆ ಹೊಸದಾಗಿ ಏನೂ ಹುಟ್ಟುವುದಿಲ್ಲ. ಹತ್ತು ಸಾವಿರದ ಲೆಕ್ಕದಲ್ಲಿ 25 ಲಕ್ಷ ಡಾಲರ್ ಎಂದರೆ 250 ಜನರ ಪ್ರವೇಶ ಶುಲ್ಕ. ಒಬ್ಬ ಎಷ್ಟು ಗೆದ್ದನೋ ಅಷ್ಟನ್ನು ಉಳಿದವರು ಕಳೆದುಕೊಂಡಿರಲೇಬೇಕು. ಮನೆ ನಡೆಸುವವನ ಪಾಲನ್ನು ಸೇರಿಸಿದರೆ ಕಳೆದುಕೊಂಡದ್ದು ಇನ್ನೂ ಹೆಚ್ಚು. ಕಸುಬೇನೋ ಹೌದು, ಆದರೆ ಕಾಯಕ ಎನ್ನಲು ನಾಲಿಗೆ ತಡೆಯುತ್ತದೆ.

ಇದಕ್ಕೊಂದು ಬಲವಾದ ಉತ್ತರವಿದೆ: ಯಾರೂ ಯಾರನ್ನೂ ಎಳೆದು ತಂದು ಕೂರಿಸಿಲ್ಲವಲ್ಲ. ರಾಬರ್ಟ್ ನೋಜಿಕ್ 1974ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನನ ಉದಾಹರಣೆ ಕೊಟ್ಟು ಇಂಥದೇ ವಾದ ಹೂಡಿದ್ದರು. ನ್ಯಾಯವಾಗಿ ತಮ್ಮದಾದ ದುಡ್ಡನ್ನು ಜನ ಇಷ್ಟಪಟ್ಟು ಕೊಟ್ಟರೆ, ಅದರಿಂದ ಅವನು ಎಷ್ಟೇ ಶ್ರೀಮಂತನಾದರೂ ಅನ್ಯಾಯವೆಲ್ಲಿ? ಪೋಕರ್‌ನಲ್ಲೂ ಸೋತವನು ಒಂದು ರೋಮಾಂಚಕ ಸಂಜೆಗೆ ಬೆಲೆ ತೆತ್ತ ಅಂದುಕೊಳ್ಳಬಹುದು. ಮೊದಲ ಗಂಟೆಯ ಮಟ್ಟಿಗೆ ನಾನೂ ಇದನ್ನು ಒಪ್ಪುತ್ತೇನೆ. ಆದರೆ ಆರನೆಯ ಗಂಟೆಯಲ್ಲಿ, ಕಳೆದದ್ದನ್ನು ಹೇಗಾದರೂ ವಾಪಸು ಪಡೆಯಬೇಕೆಂಬ ಹಟದಲ್ಲಿ, ನಿದ್ದೆಗಣ್ಣಲ್ಲಿ ಮತ್ತೆ ಚಿಪ್ಸ್ ಕೊಳ್ಳುವವನು ರೋಮಾಂಚನ ಕೊಳ್ಳುತ್ತಿಲ್ಲ. ಅವನು ಇನ್ನೂ ‘ಇಷ್ಟಪಟ್ಟೇ’ ಆಡುತ್ತಿದ್ದಾನೆ ಎನ್ನುವುದು ಗೆಲ್ಲುವವನಿಗೆ ಅನುಕೂಲವಾದ ವ್ಯಾಕರಣ.

ದೊಡ್ಡ ಪಣದ ಆಟದ ಮೊದಲ ಪಾಠ ಎಲೆಗಳ ಬಗ್ಗೆ ಅಲ್ಲ, ಮೇಜಿನ ಆಯ್ಕೆಯ ಬಗ್ಗೆ. ನಿನಗಿಂತ ಕಡಿಮೆ ಬಲ್ಲವರು ಎಲ್ಲಿದ್ದಾರೆ ನೋಡು, ಅಲ್ಲಿ ಕೂರು. ದಣಿದವನು, ಕುಡಿದವನು, ಸೋತು ಸಿಟ್ಟಾದವನು ಕಂಡರೆ ಏಳಬೇಡ. ಇದರಲ್ಲಿ ಮೋಸವಿಲ್ಲ, ಎಲ್ಲವೂ ನಿಯಮದೊಳಗೇ ಇದೆ. ಆದರೆ ಗೆದ್ದವನು ಎರಡು ದೋಣಿಯಲ್ಲಿ ಕಾಲಿಟ್ಟಿರುತ್ತಾನೆ. ‘ಗೆದ್ದೆಯಲ್ಲ’ ಅಂದರೆ ‘ನನ್ನ ಜಾಣ್ಮೆ’ ಅನ್ನುತ್ತಾನೆ. ‘ಅವನು ಹಾಳಾದನಲ್ಲ’ ಅಂದರೆ ‘ಪಾಪ, ಅವನ ಅದೃಷ್ಟ’ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ. ಗೆಲುವು ಅದೃಷ್ಟದ್ದಾದರೆ ಅದರಲ್ಲಿ ನಿನ್ನ ಹೆಮ್ಮೆಗೆ ಜಾಗವಿಲ್ಲ. ಜಾಣ್ಮೆಯದಾದರೆ ಎದುರಿಗಿರುವವನ ಸೋಲೂ ನಿನ್ನ ಕೈಯ ಕೆಲಸವೇ. ಗೆಲುವಿಗೆ ನೀನು ಎಷ್ಟು ಅರ್ಹನೋ ಅವನ ಸೋಲಿಗೆ ಅಷ್ಟೇ ಹೊಣೆ.

ನಮ್ಮ ಕಾನೂನು ಬಹಳ ಕಾಲ ಜಾಣ್ಮೆಯೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಹಿಡಿದುಕೊಂಡಿತ್ತು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ಆನ್‌ಲೈನ್ ಪಣದಾಟ ನಿಷೇಧಿಸಲು ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಆ ಪ್ರಶ್ನೆಯನ್ನೇ ಬದಿಗಿಟ್ಟಿತು: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟ ಕೌಶಲದ್ದಾದರೂ ಅದೃಷ್ಟದ್ದಾದರೂ ನಿಷಿದ್ಧ. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆದರೆ ಕೌಶಲ ಇದೆ ಎಂದ ಮಾತ್ರಕ್ಕೆ ಹಾನಿಯ ಪ್ರಶ್ನೆ ಮುಗಿಯುವುದಿಲ್ಲ ಎಂಬಷ್ಟನ್ನು ಅದು ಗುರುತಿಸಿತು.

ಜೂಜಿನ ನಮ್ಮ ಕಥೆಗಳೆಲ್ಲ ಸೋತವನ ಕಥೆಗಳು. ಧರ್ಮರಾಯ ಯಾಕೆ ಏಳಲಿಲ್ಲ ಎಂದು ಕೇಳುತ್ತಲೇ ಬಂದಿದ್ದೇವೆ. ಗೆದ್ದವನ ಕಥೆ ಬೇಕೆಂದರೆ, ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮಾತಾದ ನಳನ ಬಳಿಗೆ ಹೋಗಬೇಕು. ಮಹಾಭಾರತದ ವನಪರ್ವದಲ್ಲಿ ರಾಜ ಋತುಪರ್ಣ ದಾರಿಬದಿಯ ತಾರೆಮರವೊಂದರ ಎಲೆ, ಕಾಯಿಗಳನ್ನು ನೋಡಿದಷ್ಟರಲ್ಲೇ ಎಣಿಸಿ ಹೇಳುತ್ತಾನೆ. ನಳ ಅವನಿಗೆ ಕುದುರೆಯ ವಿದ್ಯೆ ಕೊಟ್ಟು, ಅಕ್ಷಹೃದಯ ಎಂಬ ದಾಳದ ವಿದ್ಯೆ ಪಡೆಯುತ್ತಾನೆ. ಅಂದರೆ ಅವನು ಕಲಿತದ್ದು ಅದೃಷ್ಟವನ್ನಲ್ಲ, ಲೆಕ್ಕವನ್ನು. ಆಮೇಲೆ ತನ್ನ ರಾಜ್ಯ ಕಿತ್ತುಕೊಂಡಿದ್ದ ತಮ್ಮ ಪುಷ್ಕರನನ್ನು ಆಟಕ್ಕೆ ಕರೆದು ಒಂದೇ ಎಸೆತಕ್ಕೆ ಎಲ್ಲವನ್ನೂ ಗೆಲ್ಲುತ್ತಾನೆ. ದಮಯಂತಿಯನ್ನು ಪಣಕ್ಕಿಟ್ಟು ಆಡಿದ ತಪ್ಪು ಅವನ ಮೇಲೆ ಉಳಿದೇ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಗೆದ್ದ ಮರುಗಳಿಗೆ ಅವನು ಮಾಡಿದ್ದನ್ನು ನೋಡಿ. ಹಿಂದೆ ನನ್ನನ್ನು ಸೋಲಿಸಿದವನು ಕಲಿಯೇ ಹೊರತು ನೀನಲ್ಲ, ಅವನ ತಪ್ಪನ್ನು ನಿನ್ನ ಮೇಲೆ ಹೊರಿಸಲಾರೆ ಎಂದು ಪುಷ್ಕರನಿಗೆ ಹೇಳುತ್ತಾನೆ. ಅವನ ಪ್ರಾಣ ಉಳಿಸಿ, ಅವನ ಪಾಲನ್ನು ಅವನಿಗೇ ಕೊಟ್ಟು, ಅಪ್ಪಿಕೊಂಡು ಕಳಿಸುತ್ತಾನೆ.

ಈ ಸಲ ಕಲಿಯ ನೆಪ ಹೇಳುವಂತಿಲ್ಲ ಎಂದು ನಳನಿಗೆ ಗೊತ್ತಿತ್ತು. ಪುಷ್ಕರ ಸೋತದ್ದು ತನ್ನ ವಿದ್ಯೆಯಿಂದ. ಆದ್ದರಿಂದ ಅವನ ಮುಂದಿನ ಬದುಕು ಏನಾಗಬೇಕೆಂಬುದೂ ತನ್ನ ಮೇಲೆಯೇ ಬಂತು.

ಪೋಕರ್ ಮೇಜಿನಲ್ಲಿ ಗೆದ್ದ ದುಡ್ಡನ್ನು ವಾಪಸು ಕೊಡಿ ಎಂದು ನಾನು ಹೇಳುತ್ತಿಲ್ಲ. ಸೋತವನೂ ಅಂಥ ದಯೆಯನ್ನು ಅವಮಾನವೆಂದೇ ತಿಳಿದಾನು. ದೊಡ್ಡದೊಂದು ಗೆಲುವಾದ ಕೂಡಲೇ ಎದ್ದು ಹೋಗುವುದನ್ನು ಆಟಗಾರರೂ ಒಳ್ಳೆಯ ನಡತೆ ಎನ್ನುವುದಿಲ್ಲ. ಸೋತವನಿಗೆ ಗೆದ್ದುಕೊಳ್ಳಲು ಅವಕಾಶ ಕೊಡಬೇಕು ಎನ್ನುತ್ತಾರೆ. ಆದರೆ ಎದುರಿಗಿರುವವನು ಆಟಗಾರನಾಗಿ ಉಳಿದಿಲ್ಲ, ಬರೀ ಸೋಲುವವನಾಗಿದ್ದಾನೆ ಎಂದು ಗೊತ್ತಾಗುವ ಒಂದು ಗಳಿಗೆ ಬರುತ್ತದೆ. ಆ ಗಳಿಗೆ ಅವನಿಗೆ ಕಾಣುವುದಿಲ್ಲ. ಅದನ್ನು ಮೊದಲು ಕಾಣುವವನು ಮುಖ ಓದಲು ಕಲಿತ ಜಾಣನೇ. ಆಗ ‘ಇವತ್ತಿಗೆ ಸಾಕು’ ಎಂದು ಏಳಬೇಕಾದವನೂ ಅವನೇ.