ಆ ಚಿತ್ರ ಯಾರಿಗಾಗಿ?

ರಾಣೆಬೆನ್ನೂರು ಸೀಮೆಯವರಿಗೆ ಹೈಬ್ರಿಡ್ ಎಂಬ ಪದ ಹೊಸದೇನಲ್ಲ. ಒಂದು ತಳಿಯ ಹತ್ತಿ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೈಯಾರೆ ಮುಟ್ಟಿಸಿ ಬೀಜ ಕಟ್ಟಿಸುವುದನ್ನು ಅವರು ಕಂಡಿದ್ದಾರೆ. ದೊಡ್ಡ ಆಸ್ಪತ್ರೆಗಳ ಪೆಟ್-ಸಿಟಿ ಸ್ಕ್ಯಾನ್ ಕೂಡ ಅಂಥದೇ ಜೋಡಣೆ. ಸಿಟಿ ದೇಹದ ನಕ್ಷೆ ಕೊಡುತ್ತದೆ. ಪೆಟ್‌ಗಾಗಿ ಸ್ವಲ್ಪ ವಿಕಿರಣವುಳ್ಳ ಸಕ್ಕರೆಯಂಥ ದ್ರವವನ್ನು ರಕ್ತಕ್ಕೆ ಚುಚ್ಚುತ್ತಾರೆ. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚು ಹೀರುವುದರಿಂದ ಆ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಎರಡನ್ನೂ ಕೂಡಿಸಿದ ಮೊದಲ ಯಂತ್ರ 1998ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಕೆಲಸ ಆರಂಭಿಸಿತು.

ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಹಿರಿಯ ರೈತರೊಬ್ಬರಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದೆಯೆಂದು ಭಾವಿಸೋಣ. ಹುಬ್ಬಳ್ಳಿ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಬೆಂಗಳೂರು ಸುಮಾರು ಮುನ್ನೂರು. "ಎಲ್ಲಾಕ್ಕಿಂತ ದೊಡ್ಡ ಸ್ಕ್ಯಾನ್ ಮಾಡಿಸಿಬಿಡೂಣು, ಅಪ್ಪಗ ಕಡಿಮಿ ಮಾಡಿದ್ರು ಅಂತ ಮಂದಿ ಅನಬಾರ್ದು" ಎನ್ನುತ್ತಾರೆ ಮಕ್ಕಳು. ಸ್ಕ್ಯಾನ್ ಹೀಗೆ ಪ್ರೀತಿಯ ಅಳತೆಗೋಲಾಗುತ್ತದೆ. ಹೊಲ ಅಡವು ಬೀಳುತ್ತದೆ. ಇದನ್ನು ಮೌಢ್ಯವೆಂದು ತಳ್ಳಿಹಾಕಲು ನಮಗೆ ಮನಸ್ಸಾಗದು. ನಮ್ಮ ಮನೆಗಳಲ್ಲೂ ನಾವು ಹೀಗೆಯೇ ನಡೆದುಕೊಂಡಿದ್ದೇವೆ.

ಆದರೆ ರೋಗ ಪತ್ತೆಯಾದ ಆರಂಭದಲ್ಲಿ ಕೊಲೊನೊಸ್ಕೊಪಿ, ಬಯಾಪ್ಸಿ, ಸಾಮಾನ್ಯ ಸಿಟಿ, ಗುದನಾಳದ ಗಡ್ಡೆಯಾದರೆ ಎಂಆರ್‌ಐ, ಇಷ್ಟರಲ್ಲೇ ಹೆಚ್ಚಿನ ರೋಗಿಗಳ ಚಿಕಿತ್ಸೆಯ ದಾರಿ ತಿಳಿಯುತ್ತದೆ. ಪೆಟ್-ಸಿಟಿಯ ನಿಜವಾದ ಬೆಲೆ ಬೇರೆ ಕಡೆಯಿದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರಕ್ತದಲ್ಲಿ ಸಿಇಎ ಏರುತ್ತಿದ್ದು, ಸಾಮಾನ್ಯ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದಾಗ ಅದು ರೋಗದ ಜಾಗ ತೋರಿಸಬಲ್ಲದು. ಯಕೃತ್ತಿಗೆ ಹರಡಿದ ಗಡ್ಡೆಯನ್ನು ಕತ್ತರಿಸಿ ತೆಗೆಯುವ ಮುನ್ನವೂ ಅಷ್ಟೇ. ರೋಗ ಇನ್ನೆಲ್ಲೆಲ್ಲೋ ಹರಡಿರುವುದು ಆ ಚಿತ್ರದಲ್ಲಿ ಕಂಡರೆ, ವ್ಯರ್ಥವಾಗಿ ಹೊಟ್ಟೆ ಕೊಯ್ಯುವುದು ತಪ್ಪುತ್ತದೆ. ಅಂಥ ಸಂದರ್ಭದಲ್ಲಿ ಮಾಡಿದ ಸಾಲಕ್ಕೆ ಅರ್ಥವಿದೆ. ಹಾಗೆಂದು ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಸೋಂಕು, ಉರಿಯೂತಗಳೂ ಹೊಳೆಯುತ್ತವೆ. ಮೆಟ್‌ಫಾರ್ಮಿನ್ ಗುಳಿಗೆ ನುಂಗುವ ಸಕ್ಕರೆ ಕಾಯಿಲೆಯವರ ಕರುಳೂ ಹೊಳೆಯುವುದುಂಟು. ಇತ್ತ ಕೆಲವು ಮಿಲಿಮೀಟರಿನ ಗಂಟು ಕಾಣದೆಯೂ ಹೋಗಬಹುದು.

ಆದ್ದರಿಂದ ವೈದ್ಯರನ್ನು ನಾವು ಮೊದಲು ಕೇಳಬೇಕಾದದ್ದು, ಈ ಚಿತ್ರ ಬಂದರೆ ಚಿಕಿತ್ಸೆ ಬದಲಾಗುತ್ತದೆಯೇ ಎಂದು. ಹಾಗೆ ಕೇಳುವವರು ಯಾರು? ಮಕ್ಕಳು ವೈದ್ಯರೆದುರು ಕುಳಿತಿರುತ್ತಾರೆ. ಅಪ್ಪ ಹೊರಗೆ ಬೆಂಚಿನ ಮೇಲೆ ಕಾಯುತ್ತಿರುತ್ತಾರೆ. ಹೆದರಿಯಾರು ಎಂಬ ಕಳಕಳಿಯಿಂದಲೇ ನಾವು ಅವರನ್ನು ಹೊರಗಿಡುತ್ತೇವೆ. ಆದರೆ ದೇಹ ಅವರದು, ಅಡವಿಡುವ ಹೊಲವೂ ಅವರದೇ. ಒಳಗೆ ಕರೆದು ಕೇಳಿದರೆ "ಮಾಡಸ್ರಿ, ಏನೈತಿ ಗೊತ್ತಾಗ್ಲಿ" ಎಂದಾರು. "ಹೊಲ ಮುಟ್ಟಬ್ಯಾಡ್ರಿ" ಎಂದೂ ಅಂದಾರು. ಅವರ ಮನಸ್ಸು ನಮಗೆ ಗೊತ್ತು ಎಂದುಕೊಂಡು ಅವರ ಪರವಾಗಿ ನಾವೇ ಉತ್ತರಿಸಿಬಿಟ್ಟಿರುತ್ತೇವೆ.