ರುಚಿ ಹತ್ತದಿದ್ದರೆ ತಪ್ಪು ಯಾರದು?

ಎಲ್ಲರೂ ಕೊಂಡಾಡುವ ಹಾಡೊಂದು ನಮ್ಮನ್ನು ಮಾತ್ರ ಮುಟ್ಟದೆ ಹೋದಾಗ ಆಗುವ ಕಸಿವಿಸಿ ವಿಚಿತ್ರವಾದದ್ದು. ಹಾಗಲಕಾಯಿ ಸೇರುವುದಿಲ್ಲ ಎನ್ನಲು ಯಾರಿಗೂ ಸಂಕೋಚವಿಲ್ಲ. ಕೇಳಿದವರು ತಟ್ಟೆಗೆ ಬೇರೆ ಪಲ್ಯ ಬಡಿಸಿ ಸುಮ್ಮನಾಗುತ್ತಾರೆ. ಆದರೆ ಪಿಂಕ್ ಫ್ಲಾಯ್ಡ್ ಹಿಡಿಸಲಿಲ್ಲ ಎಂದು ಅದರ ಭಕ್ತರ ನಡುವೆ ಕೂತು ಹೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಕನಿಕರಪಡುತ್ತಾರೆ, ಕಡೆಗೆ ತನಿಖೆ ಶುರುವಾಗುತ್ತದೆ. ಯಾವ ಆಲ್ಬಮ್ ಕೇಳಿದೆ? ಎಲ್ಲಿ ಕೇಳಿದೆ, ಮೊಬೈಲಿನ ಸ್ಪೀಕರಿನಲ್ಲಾ? ಪೂರ್ತಿ ಕೇಳಿದೆಯಾ? ಹಿಡಿಸದಿದ್ದುದಕ್ಕೆ ಕಾರಣ ಕೊಡಬೇಕಾದವನು ನಾನು. ಹಿಡಿಸಿದ್ದಕ್ಕೆ ಕಾರಣ ಕೊಡಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಸವಿಯಲಾಗದಿರುವುದು ಒಂದು ತಪ್ಪೇ? ತಪ್ಪಾದರೆ ಯಾರದು?

ಹುಮನಾಬಾದ್, ಬಸವಕಲ್ಯಾಣ, ಭಾಲ್ಕಿ ಕಡೆಯಿಂದ ಇಂಜಿನಿಯರಿಂಗ್ ಓದಲು ಹೈದರಾಬಾದಿಗೋ ಬೆಂಗಳೂರಿಗೋ ಪುಣೆಗೋ ಹೋದ ನಮ್ಮಂಥವರಿಗೆ ಈ ಬ್ಯಾಂಡು ಸಿಕ್ಕಿದ್ದು ಹಾಸ್ಟೆಲಿನ ಕೋಣೆಗಳಲ್ಲಿ. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ಯಾಂಡದು. 1973ರಲ್ಲಿ ಬಂದ 'ದ ಡಾರ್ಕ್ ಸೈಡ್ ಆಫ್ ದ ಮೂನ್' 1988ರ ತನಕ ಒಟ್ಟು 741 ವಾರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿತ್ತು. ಆದರೆ ನಮ್ಮ ಹಾಸ್ಟೆಲುಗಳಲ್ಲಿ ಯಾರೂ ಅದನ್ನು ಜನಪ್ರಿಯ ಸಂಗೀತವೆಂದು ಕೇಳಲಿಲ್ಲ. ಅದು ಗುಟ್ಟಿನ ದೀಕ್ಷೆಯಂತೆ ಸೀನಿಯರಿನಿಂದ ಜೂನಿಯರಿಗೆ ಇಳಿಯುತ್ತಿತ್ತು. ದೀಪ ಆರಿಸಬೇಕು, ಮಾತಾಡಬಾರದು, ಹಾಡಿನ ನಡುವೆ ಎದ್ದು ಹೋಗಬಾರದು. ಪ್ರಿಸಮ್ಮಿನ ಚಿತ್ರವಿದ್ದ ಕಪ್ಪು ಅಂಗಿ ತೊಟ್ಟವನು ಇನ್ನೊಬ್ಬ ಅಂಥ ಅಂಗಿಯವನನ್ನು ನೋಡಿ ತಲೆಯಾಡಿಸುತ್ತಿದ್ದ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ್ದನ್ನು ಕೇಳಿ ಬಂದವರು ತೀರ್ಥಯಾತ್ರೆ ಮುಗಿಸಿದವರಂತೆ ಇಂದಿಗೂ ಮಾತಾಡುತ್ತಾರೆ.

ಸಣ್ಣ ಊರಿನ ಹುಡುಗನಿಗೆ ಈ ದೀಕ್ಷೆಯಲ್ಲಿ ಇನ್ನೊಂದು ಆಕರ್ಷಣೆಯೂ ಇತ್ತು. ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯು 1979ರಲ್ಲಿ ಪ್ರಕಟಿಸಿದ 'ಡಿಸ್ಟಿಂಕ್ಷನ್' ಪುಸ್ತಕದಲ್ಲಿ, ನಮ್ಮ ಅಭಿರುಚಿಗಳು ನಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆ ಎಂಬುದನ್ನು ತೋರಿಸುವ ಗುರುತುಗಳೆಂದು ವಾದಿಸಿದ. ಊರಿನಲ್ಲಿ ಕೇಳಿದ ಹಿಂದಿ ಹಾಡು, ಕವ್ವಾಲಿ, ಭಜನೆಗಳನ್ನು ಟ್ರಂಕಿನಲ್ಲಿ ಮುಚ್ಚಿಟ್ಟು, ಇಂಗ್ಲಿಷಿನ ಈ ಗಂಭೀರ ಸಂಗೀತವನ್ನು ಮೇಜಿನ ಮೇಲೆ ಇಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಆದರೂ ಬೋರ್ದ್ಯುವನ್ನು ಹಿಡಿದು ಅವರನ್ನೆಲ್ಲ ನಟರೆಂದು ತಳ್ಳಿಹಾಕುವುದು ಸುಳ್ಳಾಗುತ್ತದೆ. ಗೆಳೆಯರ ಕಣ್ಣಲ್ಲಿ ನೀರು ತುಂಬಿದ್ದನ್ನು ನೋಡಿದ್ದೇನೆ. ಮೆಟ್ಟಿಲು ಹತ್ತಲು ಯಾರೂ ಕತ್ತಲಲ್ಲಿ ಅಳುವುದಿಲ್ಲ.

ನನಗೆ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 'ಟೈಮ್' ಹಾಡಿನ ಆರಂಭದಲ್ಲಿ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸುವುದು ಕೇಳಿಸುತ್ತದೆ. 1975ರ 'ವಿಶ್ ಯು ವರ್ ಹಿಯರ್' ಆಲ್ಬಮ್ಮಿನ 'ಶೈನ್ ಆನ್ ಯು ಕ್ರೇಜಿ ಡೈಮಂಡ್'ನಲ್ಲಿ ಡೇವಿಡ್ ಗಿಲ್ಮೋರನ ಗಿಟಾರು ನುಡಿಸುವ ಆ ನಾಲ್ಕು ಸ್ವರಗಳು, ಎಂಟು ನಿಮಿಷ ದಾಟಿದ ಮೇಲಷ್ಟೇ ಬರುವ ಮನುಷ್ಯನ ದನಿ, ಎಲ್ಲವೂ ಕೇಳಿಸುತ್ತವೆ. ಕಟ್ಟಿದ ರೀತಿ ಅಚ್ಚುಕಟ್ಟು ಎಂದು ಒಪ್ಪುತ್ತೇನೆ. ಆದರೆ ಒಳಗೆ ಏನೂ ಕದಲುವುದಿಲ್ಲ. ಒಳ್ಳೆಯ ಗಾರೆ ಕೆಲಸದ ಮನೆಯನ್ನು ಬೀದಿಯಲ್ಲಿ ನಿಂತು ನೋಡಿದ ಹಾಗೆ. ಮೆಚ್ಚುಗೆ ಇದೆ, ಸವಿ ಇಲ್ಲ.

'ನಿನಗೆ ತಾಳ್ಮೆಯಿಲ್ಲ' ಎನ್ನುವ ಉತ್ತರ ನಮ್ಮ ಊರಿನವರ ಮೇಲೆ ನಡೆಯುವುದಿಲ್ಲ. ಹುಮನಾಬಾದಿಗೆ ಅಂಟಿಕೊಂಡೇ ಮಾಣಿಕನಗರವಿದೆ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆಸಿ, 1865ರಲ್ಲಿ ಸಮಾಧಿ ಹೊಂದಿದ ಸ್ಥಳ. ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ಕಟ್ಟಿದ ಅವರು ಎಲ್ಲ ಮತಗಳನ್ನೂ ಒಪ್ಪುವ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದರು. ದತ್ತ ಜಯಂತಿಯ ದಿನಗಳಲ್ಲಿ ಅಲ್ಲಿ ನಡೆಯುವ ಸಂಗೀತ ದರಬಾರಿನಲ್ಲಿ ಗಾಯಕರು ರಾತ್ರಿಯಿಡೀ ಹಾಡುತ್ತಾರೆ. ವಿಲಂಬಿತ ಖಯಾಲಿನಲ್ಲಿ ಒಂದೇ ಸಾಲನ್ನು ಅರ್ಧ ಗಂಟೆ ಹಿಂಜಿದರೂ ಕದಲದೆ ಕೂರುವವರ ನಡುವೆ ಬೆಳೆದವನಿಗೆ ಎಂಟು ನಿಮಿಷದ ಪೀಠಿಕೆ ದೊಡ್ಡದಲ್ಲ. ಗಮ್ಮತ್ತೆಂದರೆ ಅದೇ ದರಬಾರಿಗೆ ಬಂದ ನನ್ನ ಹಾಸ್ಟೆಲಿನ ಗೆಳೆಯರು ಅರ್ಧ ಗಂಟೆಗೇ ಎದ್ದು ಚಹಾದಂಗಡಿ ಹುಡುಕಿಕೊಂಡು ಹೋದರು. ಅವರಿಗೆ ನಮ್ಮೂರಿನ ಹಿರಿಯರು ಹೇಳಿದ್ದೂ ಅದೇ ಮಾತು: "ಇನ್ನೊಂದೀಟು ಕೂಡ್ರಿ, ರುಚಿ ಹತ್ತತದ."

ಹಾಗಾದರೆ ಅಡ್ಡಿ ಎಲ್ಲಿದೆ? ನಮ್ಮ ಕಾವ್ಯಮೀಮಾಂಸೆ ಈ ಪ್ರಶ್ನೆಯನ್ನು ಸಾವಿರ ವರ್ಷದ ಹಿಂದೆಯೇ ಎತ್ತಿಕೊಂಡಿತ್ತು. ಕಾಶ್ಮೀರದ ಅಭಿನವಗುಪ್ತ 'ಅಭಿನವಭಾರತೀ'ಯಲ್ಲಿ ರಸಾನುಭವಕ್ಕೆ ಏಳು ವಿಘ್ನಗಳನ್ನು ಪಟ್ಟಿ ಮಾಡುತ್ತಾನೆ. ಕಾಣುವುದು ಸಂಭವನೀಯವೆಂದು ಅನಿಸದಿರುವುದು, ಅದನ್ನು ತನ್ನದೆಂದೋ ಪರರದೆಂದೋ ಕಟ್ಟಿಹಾಕಿಕೊಳ್ಳುವುದು, ತನ್ನದೇ ಸುಖದುಃಖದಲ್ಲಿ ಮುಳುಗಿರುವುದು, ಅರಿಯುವ ಸಾಧನ ಸಾಲದಿರುವುದು, ಸ್ಪಷ್ಟತೆಯ ಕೊರತೆ, ಮುಖ್ಯವಾದದ್ದು ಮುಖ್ಯವಾಗಿ ಕಾಣದಿರುವುದು, ಸಂಶಯ. ಈ ಪಟ್ಟಿಯ ಸೊಗಸೆಂದರೆ ತಪ್ಪನ್ನೆಲ್ಲ ಪ್ರೇಕ್ಷಕನ ತಲೆಗೆ ಕಟ್ಟುವುದಿಲ್ಲ. ಕೆಲವು ವಿಘ್ನಗಳು ಕೃತಿಯವು, ಕೆಲವು ನೋಡುವವನವು. ತನ್ನ ದುಃಖದಲ್ಲಿ ಮುಳುಗಿದವನಿಗೂ ಅವನು ಬೈಗುಳ ಕೊಡುವುದಿಲ್ಲ, ಮದ್ದು ಹೇಳುತ್ತಾನೆ: ಹಾಡು, ವಾದ್ಯ, ಅಲಂಕರಿಸಿದ ರಂಗಮಂಟಪ. ಸಹೃದಯನನ್ನು ಕರೆದು ಕೂರಿಸಿ ಸಿದ್ಧಗೊಳಿಸುವುದು ಕಲೆಯ ಹೊಣೆಯೂ ಹೌದು.

ಈ ಪಟ್ಟಿಯನ್ನು ಹಿಡಿದು ನನ್ನನ್ನೇ ಪರೀಕ್ಷಿಸಿಕೊಂಡರೆ ನಾಲ್ಕನೆಯದು, ಸಾಧನದ ಕೊರತೆ, ಒಂದಿಷ್ಟು ಅನ್ವಯಿಸುತ್ತದೆ. ಯುದ್ಧಾನಂತರದ ಇಂಗ್ಲೆಂಡಿನ ಬೇಸರ ನನ್ನ ಬಾಲ್ಯದ ಬೇಸರವಲ್ಲ. ಆದರೆ ಗೆಳೆಯರದೂ ಅಲ್ಲ. ಅವರೂ ಇದೇ ಸೀಮೆಯವರು. ಪದಗಳ ಅರ್ಥ ಓದಿದೆ, ಹೆಡ್‌ಫೋನ್ ಹಾಕಿದೆ, ಮಳೆಯಲ್ಲಿ ಕೇಳಿದೆ, ರಾತ್ರಿ ಬಸ್ಸಿನಲ್ಲಿ ಕೇಳಿದೆ. ಒಂದೊಂದೇ ವಿಘ್ನ ತೆಗೆಯುತ್ತ ಹೋದರೂ ಕಡೆಯಲ್ಲಿ ಏನೋ ಉಳಿಯುತ್ತದೆ. ಅದಕ್ಕೆ ಹೆಸರಿಲ್ಲ.

'ಇನ್ನೊಮ್ಮೆ ಕೇಳು' ಎಂಬ ಸಲಹೆಯ ತೊಡಕು ಇಲ್ಲಿದೆ. ಅದಕ್ಕೆ ಕೊನೆಯಿಲ್ಲ. ಹತ್ತನೆಯ ಸಲ ಹಿಡಿಸದಿದ್ದರೆ ಹನ್ನೊಂದನೆಯ ಸಲವಿದೆ. ಹಿಡಿಸಿದರೆ ಸಲಹೆ ನಿಜವಾಯಿತು, ಹಿಡಿಸದಿದ್ದರೆ ಕೇಳಿದ್ದು ಸಾಲದು. ಸಲಹೆ ಸುಳ್ಳಾಗುವ ದಾರಿಯೇ ಇಲ್ಲ. ಹಾಗೆಂದು ಅದು ಹುರುಳಿಲ್ಲದ ಮಾತೂ ಅಲ್ಲ. ಡೇವಿಡ್ ಹ್ಯೂಮ್ 1757ರ ತನ್ನ ಅಭಿರುಚಿಯ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟ್‌ನಿಂದ ಒಂದು ಕಥೆ ಎತ್ತಿಕೊಳ್ಳುತ್ತಾನೆ. ಇಬ್ಬರು ಒಂದೇ ಪೀಪಾಯಿಯ ದ್ರಾಕ್ಷಾರಸ ಸವಿದರು. ಒಬ್ಬ ಚೆನ್ನಾಗಿದೆ, ಆದರೆ ತೊಗಲಿನ ವಾಸನೆ ಎಂದ. ಇನ್ನೊಬ್ಬ ಕಬ್ಬಿಣದ ರುಚಿ ಎಂದ. ಜನ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಕೀಲಿಕೈ ಸಿಕ್ಕಿತು. ನನಗೆ ಸಿಗದ ರುಚಿ ಪೀಪಾಯಿಯಲ್ಲೇ ಇಲ್ಲ ಎನ್ನುವ ಹಕ್ಕು ನನಗಿಲ್ಲ. ಗೆಳೆಯರಿಗೆ ಸಿಕ್ಕ ಕೀಲಿಕೈ ನಿಜವಾದದ್ದೇ ಇರಬಹುದು.

ಇಲ್ಲಿ ಕನ್ನಡ ವ್ಯಾಕರಣವೇ ನನಗೆ ದಾರಿ ತೋರಿಸಿತು. 'ನಾನು ಹಾಡು ಕೇಳಿದೆ' ಎನ್ನುತ್ತೇವೆ. ಅಲ್ಲಿ ಕರ್ತೃ ನಾನು. ಆದರೆ 'ನಾನು ಇಷ್ಟವಾದೆ' ಎಂದರೆ ಅರ್ಥವೇ ಬೇರೆ. ಹಾಡು 'ನನಗೆ' ಇಷ್ಟವಾಗಬೇಕು, 'ನನಗೆ' ಹಿಡಿಸಬೇಕು, 'ನನಗೆ' ರುಚಿ ಹತ್ತಬೇಕು. ಹಸಿವು, ನಿದ್ದೆ, ನೆನಪುಗಳ ಹಾಗೆ ಸವಿಯೂ ನಮಗೆ ಆಗುವಂಥದ್ದು, ನಾವು ಮಾಡುವಂಥದ್ದಲ್ಲ. ಹೊಣೆ ಇರುವುದು ಮಾಡುವುದರಲ್ಲಿ. ಹಾಗಾಗಿ ಗಮನವಿಟ್ಟು ಕೇಳಿದೆಯಾ ಎಂದು ನನ್ನನ್ನು ಯಾರಾದರೂ ಕೇಳಬಹುದು, ಕೇಳದಿದ್ದರೆ ದೂರಲೂಬಹುದು. ಹಿಡಿಸಲಿಲ್ಲವೇಕೆ ಎಂದು ದೂರುವುದು ನಿದ್ದೆ ಬಾರದವನನ್ನು ಬೈದ ಹಾಗೆ.

ಆದರೆ ಇದೇ ವ್ಯಾಕರಣ ನನ್ನನ್ನೂ ಕಟ್ಟಿಹಾಕುತ್ತದೆ. 'ನನಗೆ ಹಿಡಿಸಲಿಲ್ಲ' ಎಂಬುದು ನನಗಾದದ್ದರ ವರದಿ. 'ಅದರಲ್ಲಿ ಏನೂ ಇಲ್ಲ' ಎಂಬುದು ತೀರ್ಪು. ಒಂದರಿಂದ ಇನ್ನೊಂದಕ್ಕೆ ಹಾರುವುದು ಎಷ್ಟು ಸುಲಭ ಎಂಬುದಕ್ಕೆ ಟಾಲ್‌ಸ್ಟಾಯ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶೇಕ್ಸ್‌ಪಿಯರನನ್ನು ದಶಕಗಳ ಕಾಲ ಮತ್ತೆ ಮತ್ತೆ ಓದಿದ, ಹಲವು ಭಾಷೆಗಳಲ್ಲಿ ಓದಿದ. ಪ್ರತಿಸಲವೂ ಬೇಸರ, ಜುಗುಪ್ಸೆ. ಅಷ್ಟಕ್ಕೇ ನಿಂತಿದ್ದರೆ ಅದು ಅಪರೂಪದ ಪ್ರಾಮಾಣಿಕತೆಯಾಗಿರುತ್ತಿತ್ತು. ಆದರೆ 1906ರ ಪ್ರಬಂಧದಲ್ಲಿ ಅವನು ಇಡೀ ಲೋಕಕ್ಕೇ ಸಮ್ಮೋಹನವಾಗಿದೆ ಎಂಬ ನಿರ್ಣಯಕ್ಕೆ ಬಂದ. ಜಾರ್ಜ್ ಆರ್ವೆಲ್ 1947ರಲ್ಲಿ ಬರೆದ ಉತ್ತರದ ಸಾರ ಇಷ್ಟು: ಒಬ್ಬ ಕವಿ ಒಳ್ಳೆಯವನೆಂದು ವಾದದಿಂದ ಸಾಧಿಸಲಾಗದು, ಕೆಟ್ಟವನೆಂದೂ ಸಾಧಿಸಲಾಗದು, ಉಳಿದು ಬರುವುದೊಂದೇ ಪರೀಕ್ಷೆ. ಒಬ್ಬನಿಗೇ ಹತ್ತದ ರುಚಿ ಲೋಕದ ಭ್ರಮೆಗೆ ಪುರಾವೆಯಾಗುವುದಿಲ್ಲ.

ನಮ್ಮ ಕಲ್ಯಾಣದಲ್ಲೇ ಈ ವಿಷಯದ ಎರಡು ತುದಿಗಳಿವೆ. 12ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಹಾಡು, ವಾದ್ಯ, ನೃತ್ಯಗಳನ್ನು ವಿನೋದಗಳಾಗಿ ವಿಂಗಡಿಸಿ ಲಕ್ಷಣ ಬರೆದ. ಅದೇ ಶತಮಾನದಲ್ಲಿ ಅದೇ ಊರಿನಲ್ಲಿ ಬಸವಣ್ಣ, ತನಗೆ ತಾಳಮಾನಗಳ ಲೆಕ್ಕ ತಿಳಿಯದು, ಒಲಿದಂತೆ ಹಾಡುವೆನೆಂದು ವಚನದಲ್ಲಿ ಹೇಳಿಕೊಂಡ. ಒಲಿದಂತೆ ಹಾಡುವವನಿಗೆ ಅವಕಾಶವಿದ್ದರೆ ಒಲಿಯದೆ ಕೇಳಿದವನಿಗೂ ಒಂದಿಷ್ಟು ಜಾಗ ಇರಬೇಕಲ್ಲವೇ? ಇವೆರಡಕ್ಕಿಂತ ಹಳೆಯ 'ನಾರದೀಯ ಶಿಕ್ಷೆ' ಕೇಳುಗರು ಒಂದೇ ಬಗೆಯವರಲ್ಲ ಎಂದು ಆಗಲೇ ಒಪ್ಪಿತ್ತು. ಅದರ ಪ್ರಕಾರ ಆಚಾರ್ಯರಿಗೆ ಸಮತೆ ಬೇಕು, ಪಂಡಿತರಿಗೆ ಪದಗಳು ಬಿಡಿಬಿಡಿಯಾಗಿ ಕೇಳಬೇಕು, ಹೆಂಗಸರಿಗೆ ಇಂಪು ಬೇಕು, ಉಳಿದವರಿಗೆ ಗಟ್ಟಿ ದನಿ ಬೇಕು. ಹೆಂಗಸರನ್ನು ಒಂದೇ ಸಾಲಿಗೆ ನಿಲ್ಲಿಸಿದ್ದು ನಾವು ಒಪ್ಪುವಂಥದ್ದಲ್ಲ. ಆದರೆ ಎಲ್ಲರಿಗೂ ಒಂದೇ ಹಿಡಿಸಬೇಕೆಂಬ ಹಟ ಅಲ್ಲಿಲ್ಲ.

ಇಷ್ಟೆಲ್ಲ ವಾದ ಗೆದ್ದರೂ ನಿಜವಾದ ಇಕ್ಕಟ್ಟು ಉಳಿದೇ ಇರುತ್ತದೆ, ಏಕೆಂದರೆ ಹಾಡಿನ ಹಿಂದೆ ಮನುಷ್ಯರಿರುತ್ತಾರೆ. ಗೆಳೆಯನೊಬ್ಬ ತನ್ನ ಅಣ್ಣನನ್ನು ಕಳೆದುಕೊಂಡ ವರ್ಷ ನನ್ನನ್ನು ಕೂರಿಸಿ 'ವಿಶ್ ಯು ವರ್ ಹಿಯರ್' ಆಲ್ಬಮ್ಮನ್ನು ಮೊದಲಿನಿಂದ ಕಡೆಯವರೆಗೆ ಕೇಳಿಸಿದ. ಮುಗಿದ ಮೇಲೆ "ನಿನಗ ಹ್ಯಾಂಗ ಅನಿಸ್ತು?" ಅಂದ. ಅಂಥ ಹೊತ್ತಿನಲ್ಲಿ ನಿಜ ಹೇಳಬೇಕೆ? ಭಾಳ ಛಲೋ ಅದ ಎನ್ನುವುದು ಸಲೀಸಿತ್ತು, ದಯೆಯ ಮಾತಿನಂತೆಯೂ ಇತ್ತು. ನಾನು ಹೇಳಿದ್ದು: "ಹಾಡು ನನಗ ಹತ್ತಲಿಲ್ಲೋ. ಆದ್ರ ನಿನಗ ಯಾಕ ಬೇಕಂತ ಕೇಳಬೇಕಾಗ್ಯದ." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಣ್ಣ ಭಾನುವಾರ ಬೈಕ್ ತೊಳೆಯುವಾಗ ಇದನ್ನು ಗುನುಗುತ್ತಿದ್ದುದನ್ನು ಹೇಳಿದ. ಸುಳ್ಳು ಮೆಚ್ಚುಗೆ ಕೊಟ್ಟಿದ್ದರೆ ಮಾತು ಗಿಟಾರಿನ ಬಗ್ಗೆ ನಡೆಯುತ್ತಿತ್ತು. ಅಣ್ಣನ ಬಗ್ಗೆ ನಡೆಯುತ್ತಿರಲಿಲ್ಲ.

ಆ ಆಲ್ಬಮ್ಮಿನ ಹಿಂದೆಯೂ ಕಳೆದುಹೋದ ಗೆಳೆಯನೊಬ್ಬನಿದ್ದಾನೆ. ಬ್ಯಾಂಡಿನ ಸ್ಥಾಪಕರಲ್ಲೊಬ್ಬನಾದ ಸಿಡ್ ಬ್ಯಾರೆಟ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು 1968ರಲ್ಲಿ ಹೊರಹೋಗಿದ್ದ. 1975ರ ಜೂನಿನಲ್ಲಿ ಅವನ ಕುರಿತ ಹಾಡಿನ ಕೆಲಸ ನಡೆಯುತ್ತಿದ್ದ ಆಬಿ ರೋಡ್ ಸ್ಟುಡಿಯೋಗೆ ಅವನೇ ಬಂದು ನಿಂತ. ದಪ್ಪಗಾಗಿದ್ದ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡಿದ್ದ. ಹಳೆಯ ಸಂಗಾತಿಗಳಿಗೆ ಮೊದಲು ಗುರುತೇ ಹತ್ತಲಿಲ್ಲ. ಎರಡು ವರ್ಷದ ನಂತರ ಮಾಂಟ್ರಿಯಲ್‌ನಲ್ಲಿ, ತಮ್ಮನ್ನು ಕೂಗಿ ಕೊಂಡಾಡುತ್ತಿದ್ದ ಒಬ್ಬ ಅಭಿಮಾನಿಯ ಮುಖಕ್ಕೆ ರೋಜರ್ ವಾಟರ್ಸ್ ಉಗಿದ. ಆ ನಾಚಿಕೆಯಿಂದಲೇ 1979ರ 'ದ ವಾಲ್' ಹುಟ್ಟಿತು. ಹಾಡನ್ನು ಪ್ರೀತಿಸಿದ ಮಾತ್ರಕ್ಕೆ ಹಾಡುವವನೂ ಕೇಳುವವನೂ ಹತ್ತಿರವಾಗುವುದಿಲ್ಲ ಎಂಬುದು ಈ ಬ್ಯಾಂಡಿಗೇ ಗೊತ್ತಿತ್ತು. ಒಂದೇ ಹಾಡಿಗೆ ತಲೆದೂಗುವ ಇಬ್ಬರ ನಡುವೆ ಗೋಡೆ ಇರಬಹುದು. ತಲೆದೂಗದವನ ಪಕ್ಕದಲ್ಲಿ ಅದು ಇಲ್ಲದಿರಬಹುದು.

ಮಾಣಿಕನಗರದ ದರಬಾರಿನಲ್ಲಿ ಹಿಂದಿನ ಸಾಲಿನಲ್ಲಿ ಕಂಬಕ್ಕೊರಗಿ ಕೂರುವ ಕೆಲವರಿಗೆ ರಾಗದ ಹೆಸರು ತಿಳಿಯದು, ಕೇಳಿದರೆ ರುಚಿಯೂ ಅಷ್ಟಕ್ಕಷ್ಟೇ ಎನ್ನುತ್ತಾರೆ. ಆದರೂ ಕಡೆಯ ಭೈರವಿಯ ತನಕ ಇರುತ್ತಾರೆ. ಯಾಕೆಂದರೆ ಪಕ್ಕದಲ್ಲಿ ಕೂತ ಅಣ್ಣನಿಗೆ, ಕಾಕಾನಿಗೆ ಅದು ಬೇಕು. ಅವರು ಸುಳ್ಳು 'ವಾಹ್' ಹೇಳುವುದಿಲ್ಲ, ನಡುವೆ ಎದ್ದು ಗದ್ದಲವನ್ನೂ ಮಾಡುವುದಿಲ್ಲ. ರುಚಿ ಹತ್ತದವನು ಮಾಡಬಹುದಾದ ನ್ಯಾಯವಾದ ಕೆಲಸ ಅಷ್ಟೇ ಎಂದು ನನಗೆ ತೋರುತ್ತದೆ. ಕೂತು ಕೇಳುವುದು, ಆದದ್ದನ್ನು ಆದಂತೆ ಹೇಳುವುದು, ಇನ್ನೊಬ್ಬರ ಸವಿಗೆ ಅಡ್ಡ ಬಾರದಿರುವುದು. ಉಳಿದದ್ದು ಬಂದರೆ ಬರುತ್ತದೆ.