ಬಳುಕದ ಮೈಗೂ ಯೋಗ

‘ತೋಟದಲ್ಲಿ ದುಡಿಯುವವರಿಗೆ ಬೇರೆ ಯೋಗ ಯಾಕೆ ಮಾರಾಯ್ರೆ?’ ಪುತ್ತೂರು ಬಳಿಯ ಕಬಕದ ಕಡೆ ಯೋಗದ ಮಾತೆತ್ತಿದರೆ ಹೀಗೆ ಕೇಳುವವರು ಇದ್ದೇ ಇರುತ್ತಾರೆ. ಇನ್ನು ಕೆಲವರು, ‘ನನ್ನ ಸೊಂಟ ಬಗ್ಗುವುದಿಲ್ಲ, ಅದೆಲ್ಲ ಮಕ್ಕಳಿಗೆ’ ಎಂದು ಕೈಮುಗಿಯುತ್ತಾರೆ. ಈ ಎರಡೂ ಬಗೆಯವರಿಗೆ ನಾನು ಹೇಳಬಯಸುವುದು ನಮ್ಮದೇ ರಾಜ್ಯದ ಒಬ್ಬ ರೋಗಿಷ್ಠ ಹುಡುಗನ ಕತೆ.

ಕೋಲಾರ ಜಿಲ್ಲೆಯ ಬೆಳ್ಳೂರು, 1918ರ ಡಿಸೆಂಬರ್ 14. ಇನ್‌ಫ್ಲುಯೆಂಜಾ ಜಗತ್ತನ್ನೇ ಕಾಡುತ್ತಿದ್ದ ವರ್ಷ. ಆಗ ಹುಟ್ಟಿದ, ಮುಂದೆ ಯೋಗಗುರುವಾದ ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಸಾಲುಗಟ್ಟಿ ಹಿಡಿದವು. ಕಡ್ಡಿಯಂಥ ಕೈಕಾಲು, ಎತ್ತಿ ಹಿಡಿಯಲಾಗದ ತಲೆ. 1934ರಲ್ಲಿ ಅವರು ಮೈಸೂರಿಗೆ ಬಂದು ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆ ಸೇರಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ಈ ಹುಡುಗನಿಂದ ಏನೂ ಆಗದೆಂದು ಬಗೆದಿದ್ದರು. ಮೆಚ್ಚಿನ ಶಿಷ್ಯನೊಬ್ಬ ಪ್ರದರ್ಶನಕ್ಕೆ ಮುಂಚೆ ಬಿಟ್ಟುಹೋದಾಗಷ್ಟೇ ಇವರ ಕಡೆ ತಿರುಗಿದರು.

ಇಲ್ಲಿ ನಾವು ಮರೆಯಬಾರದ ಒಂದು ಘಟನೆಯಿದೆ. ಸಿದ್ಧತೆಯೇ ಇಲ್ಲದ ಹುಡುಗನಿಗೆ ಗುರು ಹನುಮಾನಾಸನ ಮಾಡಲು ಹೇಳಿದರು. ಎರಡು ಕಾಲನ್ನೂ ಹಿಂದೆ ಮುಂದೆ ನೇರ ಚಾಚಿ ನೆಲಕ್ಕೆ ಕೂರಬೇಕು. ಹುಡುಗ ಹೇಗೋ ಕೂತ. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಆಮೇಲೆ ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲ. ಕೃಷ್ಣಮಾಚಾರ್ಯರ ವಿದ್ವತ್ತು ದೊಡ್ಡದು, ಆಧುನಿಕ ಯೋಗ ಅವರಿಗೆ ಋಣಿ. ಆದರೂ ಅಂದು ಆದದ್ದು ತಪ್ಪೇ. ನೋಡುವವರ ಚಪ್ಪಾಳೆಗಾಗಿ ಮೈಯನ್ನು ಎಳೆದಾಗ ಯೋಗವೂ ಗಾಯ ಮಾಡುತ್ತದೆ.

1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಮೈಗೆ ಕಿವಿಗೊಟ್ಟು ಕಲಿತರು. ಬಗ್ಗಲಾಗದವರಿಗೆ ಮರದ ದಿಮ್ಮಿ, ಕುರ್ಚಿ, ಹಗ್ಗ, ಬೆಲ್ಟು, ಗೋಡೆಯ ಆಸರೆ ಕೊಟ್ಟು ಅದೇ ಆಸನದ ಫಲ ದೊರಕಿಸುವ ದಾರಿ ಕಂಡುಕೊಂಡರು. 1979ರ ರಸ್ತೆ ಅಪಘಾತಗಳಲ್ಲಿ ಬೆನ್ನು, ಭುಜ, ಮಂಡಿಗೆ ಪೆಟ್ಟಾದಾಗ ಅವರಿಗೆ ಅರವತ್ತು ದಾಟಿತ್ತು. ಜಗತ್ತಿಗೆ ಕಲಿಸಿದ ಆಸನಗಳನ್ನು ಮತ್ತೆ ಮೊದಲಿನಿಂದ, ಆಸರೆ ಹಿಡಿದು ಅಭ್ಯಾಸ ಮಾಡಿದರು. ಈ ವಿನಯವನ್ನು ನಾನು ಅವರ ಯಾವ ಕಠಿಣ ಆಸನಕ್ಕಿಂತಲೂ ಮೇಲೆ ಇಡುತ್ತೇನೆ.

ಯೋಗ ಮನಸ್ಸಿಗೂ ನೆಮ್ಮದಿ ಕೊಡುತ್ತದೆ ಎಂಬ ಮಾತಿಗೂ ಅವರ ಬದುಕಿನಲ್ಲೇ ಸಾಕ್ಷಿ ಇದೆ. 1952ರಲ್ಲಿ ಮುಂಬಯಿಗೆ ಬಂದಿದ್ದ ಪಿಟೀಲು ವಾದಕ ಯೆಹೂದಿ ಮೆನುಹಿನ್ ದಣಿದು ಹೋಗಿದ್ದರು. ಐದೇ ನಿಮಿಷ ಎಂದು ಶುರುವಾದ ಭೇಟಿಯಲ್ಲಿ ಅಯ್ಯಂಗಾರ್ ಮೆನುಹಿನ್ ಅವರನ್ನು ಮಲಗಿಸಿ ವಿಶ್ರಾಂತಿ ಕೊಟ್ಟರು. ಮೆನುಹಿನ್ ಸುಮಾರು ಒಂದು ಗಂಟೆ ನಿದ್ರಿಸಿದರು.

ಒಬ್ಬರ ನಿದ್ದೆಯನ್ನು ಪುರಾವೆ ಎನ್ನಲಾಗದು, ಸರಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ತೀವ್ರ ಖಿನ್ನತೆಯ 45 ಒಳರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ನಾಲ್ಕು ವಾರದಲ್ಲಿ ವಿದ್ಯುತ್ ಕಂಪನ ಚಿಕಿತ್ಸೆ ಪಡೆದವರಲ್ಲಿ ಶೇ. 93, ಇಮಿಪ್ರಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 73, ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ ಮಾಡಿದವರಲ್ಲಿ ಶೇ. 67 ಮಂದಿ ಚೇತರಿಸಿಕೊಂಡರು. ಸಣ್ಣ ಅಧ್ಯಯನ, ನಿಜ; ಆದರೆ ಉಸಿರಿನ ಅಭ್ಯಾಸ ಮಾತ್ರೆಯ ಹತ್ತಿರಕ್ಕೆ ಬಂದದ್ದು ಸಣ್ಣ ಸಂಗತಿಯಲ್ಲ. ಎಲ್ಲಕ್ಕಿಂತ ಮುಂದೆ ಇದ್ದದ್ದು ವಿದ್ಯುತ್ ಕಂಪನ ಚಿಕಿತ್ಸೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಯೋಗ ಶುರು ಮಾಡಿದೆವೆಂದು ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆಯ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ.

ಇನ್ನು ತೋಟದ ದುಡಿಮೆಯ ಪ್ರಶ್ನೆ. ದುಡಿಮೆ ಮೈಯನ್ನು ಗಟ್ಟಿ ಮಾಡುತ್ತದೆ, ಆದರೆ ಒಂದೇ ದಿಕ್ಕಿಗೆ. ಕೂತು ಚಾಲಿ ಅಡಿಕೆ ಸುಲಿಯುವವರು, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ದಿನವಿಡೀ ಕುತ್ತಿಗೆ ತಗ್ಗಿಸಿ ಮುಂದಕ್ಕೆ ಬಾಗಿರುತ್ತಾರೆ. ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಹೊಡೆಯುವವರ ಕುತ್ತಿಗೆ ಗಂಟೆಗಟ್ಟಲೆ ಮೇಲಕ್ಕೇ. ಕೆಲಸ ಕೇಳುವುದು ಕೆಲಸ ಮುಗಿಯುವುದನ್ನು. ಮೈಯ ಸುದ್ದಿ ವಿಚಾರಿಸಲು ಅಲ್ಲಿ ಪುರುಸೊತ್ತಿಲ್ಲ. ಎದೆ ತೆರೆದು, ಬೆನ್ನು ನೀಳವಾಗಿಸಿ, ಉಸಿರು ಎಲ್ಲಿ ತಡೆಯುತ್ತದೆ ಎಂದು ಗಮನಿಸುವ ಅರ್ಧ ಗಂಟೆ ಇವರಿಗೇ ಹೆಚ್ಚು ಬೇಕು. ಹಳೆಯ ಸೊಂಟನೋವಿಗೆ ಮೊದಲು ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವನ್ನು ಅಮೆರಿಕದ ವೈದ್ಯರ ಸಂಸ್ಥೆ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್’ 2017ರಲ್ಲೇ ಹೆಸರಿಸಿದೆ.

ಆದರೆ ಜೂನ್ 21ರ ಯೋಗ ದಿನದ ವೇದಿಕೆಗಳಲ್ಲಿ ಮುಂದಿನ ಸಾಲಿಗೆ ಬರುವವರು ಬಿಲ್ಲಿನಂತೆ ಬಾಗುವ ಮಕ್ಕಳು. ಅವರ ಶ್ರಮಕ್ಕೆ ನನ್ನ ಗೌರವವಿದೆ. ಹದಿನೈದರ ಹರೆಯದ ಅಯ್ಯಂಗಾರ್ ಇಂದು ನಮ್ಮ ಶಿಬಿರಕ್ಕೆ ಬಂದಿದ್ದರೆ ಅವರಿಗೆ ಸಿಗುತ್ತಿದ್ದದ್ದು ಹಿಂದಿನ ಸಾಲು.

ಆದ್ದರಿಂದ ಕಬಕ, ಪುತ್ತೂರಿನ ಕಡೆ ಯೋಗ ಕಲಿಸುವವರಲ್ಲಿ ನನ್ನ ವಿನಂತಿ: ನಿಮ್ಮ ತರಗತಿಯಲ್ಲಿ ನಾಲ್ಕು ಕುರ್ಚಿ ಇಡಿ, ಗೋಡೆಯ ಬದಿಯ ಜಾಗವನ್ನು ಮಂಡಿನೋವಿನವರಿಗೆ ಬಿಡಿ, ಬೀಡಿ ಕಟ್ಟುವವರ ಬಿಡುವು ನೋಡಿ ಸಮಯ ಗೊತ್ತುಮಾಡಿ. ಕಲಿಯಲು ಹೋಗುವವರೇ, ನಿಮ್ಮ ನೋವು, ಶಸ್ತ್ರಚಿಕಿತ್ಸೆ, ಮಾತ್ರೆಗಳ ವಿಷಯವನ್ನು ಮೊದಲ ದಿನವೇ ಗುರುಗಳಿಗೆ ತಿಳಿಸಿ. ಎಳೆದು ಬಗ್ಗಿಸಲು ಬಂದರೆ ಬೇಡ ಎನ್ನಿ.